ಅರಳುಮರಳು ಮತ್ತು ಹುದುಗು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಮನೆಯೆಲ್ಲ ಹುಡುಕಿದಾಗ ಮೊಮ್ಮಕ್ಕಳು ಅದನ್ನು ಹೇಳಿ ನಗುತ್ತಾರೆ. ಹಿರಿಯರೂ ಜೊತೆಗೂಡಿ ನಗುತ್ತಾರೆ. ಅಲ್ಲಿಯವರೆಗೆ ಅದು ನಿರಪಾಯವಾದ ಮಾತು. ಆದರೆ ಅದೇ ಹಿರಿಯರು ಮೂವತ್ತು ವರ್ಷ ನಡೆದಾಡಿದ ಬೀದಿಯಲ್ಲಿಯೇ ದಾರಿ ತಪ್ಪಿ ನಿಂತಾಗ, ಎದುರಿಗಿರುವ ಮಗಳ ಹೆಸರು ನಾಲಿಗೆಗೆ ಬಾರದೆ ತಡವರಿಸಿದಾಗ, ಕಾಫಿಯ ಲೋಟ ಕೈಯಲ್ಲಿ ನಡುಗಿ ಪಂಚೆಯ ಮೇಲೆ ತುಳುಕಿದಾಗ, ಆಗಲೂ ನಾವು ಅದೇ ಗಾದೆಯನ್ನು ಹೇಳಿ ಸುಮ್ಮನಾಗುತ್ತೇವೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ನಂಬಿಕೆ ನಮ್ಮದು. ಈ ಒಂದು ಗಾದೆಯಾದರೂ ಸುಳ್ಳೆಂದು ಹೇಳಬೇಕಾಗಿ ಬಂದಿದೆ. ವಯಸ್ಸು ಬೇರೆ, ರೋಗ ಬೇರೆ. ಈ ಭೇದವನ್ನು ತೋರಿಸಿಕೊಡುತ್ತಿರುವ ಸಾಕ್ಷಿಗಳಲ್ಲಿ ಒಂದು ಬಹಳ ವಿಚಿತ್ರವಾದದ್ದು. ಅದಕ್ಕೆ ಮಿದುಳಿಲ್ಲ, ನರವಿಲ್ಲ, ಮರೆಯುವುದಕ್ಕೆ ನೆನಪೇ ಇಲ್ಲ. ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಹುದುಗೇ, ಎಂದರೆ ಯೀಸ್ಟೇ, ಆ ಸಾಕ್ಷಿ.

ಮೊದಲು ರೋಗದ ಮಾತು. ೧೮೧೭ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಎಂಬಾತ ಆರು ಮಂದಿಯನ್ನು ಗಮನಿಸಿ, ಕೈ ನಡುಗುವ, ಮೈ ಮುಂದಕ್ಕೆ ಬಾಗುವ, ಹೆಜ್ಜೆ ಕಿರಿದಾಗುವ ಒಂದು ವ್ಯಾಧಿಯನ್ನು ವರ್ಣಿಸಿ ಸಣ್ಣ ಹೊತ್ತಗೆಯೊಂದನ್ನು ಪ್ರಕಟಿಸಿದನು. ಇಂದು ಅದಕ್ಕೆ ಅವನ ಹೆಸರೇ ನಿಂತಿದೆ. ೧೯೦೬ರಲ್ಲಿ ಜರ್ಮನಿಯ ಅಲೋಯಿಸ್ ಆಲ್ಜೈಮರ್, ಮರೆವಿನಿಂದ ನರಳಿ ಸತ್ತ ಹೆಂಗಸೊಬ್ಬಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಅದರಲ್ಲಿ ಕಂಡ ಗಂಟುಗಳನ್ನೂ ಗರಣೆಗಳನ್ನೂ ವಿದ್ವಾಂಸರ ಸಭೆಯ ಮುಂದಿಟ್ಟನು. ಆಕೆ ಆಸ್ಪತ್ರೆಗೆ ಬಂದಾಗ ವಯಸ್ಸು ಐವತ್ತರ ಆಸುಪಾಸು. ಗಾದೆ ಹೇಳುವ ಅರವತ್ತು ಇನ್ನೂ ದೂರವಿತ್ತು. ೧೯೧೨ರಲ್ಲಿ ಫ್ರೆಡರಿಕ್ ಲೂಯಿ ಎಂಬ ಇನ್ನೊಬ್ಬ ವೈದ್ಯ ಪಾರ್ಕಿನ್ಸನ್ ರೋಗಿಗಳ ನರಕೋಶಗಳೊಳಗೆ ದುಂಡಗಿನ ಗರಣೆಗಳನ್ನು ಕಂಡನು. ಅವು ಯಾವ ಪದಾರ್ಥದಿಂದಾದುವು ಎಂದು ತಿಳಿಯಲು ಎಂಬತ್ತೈದು ವರ್ಷ ಹಿಡಿಯಿತು. ೧೯೯೭ರಲ್ಲಿ ಉತ್ತರ ಸಿಕ್ಕಿತು: ಆಲ್ಫಾ-ಸಿನ್ಯೂಕ್ಲೀನ್ ಎಂಬ ಒಂದು ಪ್ರೋಟೀನು.

ಈ ಪ್ರೋಟೀನು ಹೊರಗಿನಿಂದ ಬಂದ ಶತ್ರುವಲ್ಲ. ನಮ್ಮೆಲ್ಲರ ಮಿದುಳಿನಲ್ಲಿಯೂ ಅದು ಹುಟ್ಟಿದಂದಿನಿಂದ ಇದೆ. ಹಾಗಾದರೆ ಕೆಲವರಲ್ಲಿ ಮಾತ್ರ ಅದೇಕೆ ಗರಣೆಗಟ್ಟುತ್ತದೆ?

ಇದನ್ನು ತಿಳಿಯಲು ಮೈಸೂರು ಪೇಟವನ್ನು ನೆನೆದುಕೊಂಡರೆ ಸಾಕು. ಪೇಟವೆಂಬುದು ಹುಟ್ಟಿನಲ್ಲಿ ಉದ್ದನೆಯ ಜರಿಯ ಬಟ್ಟೆ. ಬಲ್ಲವನು ಕ್ರಮವಾಗಿ ಸುತ್ತಿ ಮಡಿಚಿದಾಗ ಮಾತ್ರ ಅದು ಪೇಟವಾಗಿ ತಲೆಯ ಮೇಲೆ ನಿಲ್ಲುತ್ತದೆ. ಮಡಿಕೆ ತಪ್ಪಿದರೆ ಬಟ್ಟೆ ಅದೇ ಆದರೂ ಪೇಟವಲ್ಲ. ಪ್ರೋಟೀನೂ ಹಾಗೆಯೇ. ಜೀವಕೋಶದಲ್ಲಿ ಅದು ಉದ್ದನೆಯ ಸರವಾಗಿ ತಯಾರಾಗಿ, ತನಗೆ ಗೊತ್ತಾದ ಆಕಾರದಲ್ಲಿ ನಿಂತಾಗ ಮಾತ್ರ ತನ್ನ ಕೆಲಸ ಮಾಡುತ್ತದೆ. ಆಕಾರ ಕೆಟ್ಟ ಪ್ರೋಟೀನು ಸುಮ್ಮನೆ ಕೂರುವುದಿಲ್ಲ. ತನ್ನಂತೆ ಕೆಟ್ಟ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಎರಡು ನಾಲ್ಕಾಗುತ್ತದೆ, ಕೊನೆಗೆ ಗರಣೆಯಾಗುತ್ತದೆ. ಇದನ್ನು ತಡೆಯಲು ಪ್ರತಿಯೊಂದು ಜೀವಕೋಶದಲ್ಲಿಯೂ ಎರಡು ಏರ್ಪಾಡುಗಳಿವೆ. ಮಡಿಕೆ ತಪ್ಪದಂತೆ ಜೊತೆಯಲ್ಲಿ ನಿಂತು ನೋಡಿಕೊಳ್ಳುವ ಬೆಂಗಾವಲು ಪ್ರೋಟೀನುಗಳು ಒಂದು. ತಿದ್ದಲಾರದಷ್ಟು ಕೆಟ್ಟುದನ್ನು ಒಯ್ದು ಅರಗಿಸಿಬಿಡುವ ಕಸಗುಡಿಸುವ ವ್ಯವಸ್ಥೆ ಇನ್ನೊಂದು. ಮುಪ್ಪಿನಲ್ಲಿ ಈ ಎರಡೂ ಸ್ವಲ್ಪ ನಿಧಾನವಾಗುತ್ತವೆ. ನಿಧಾನವಾಗುವುದು ವಯಸ್ಸಿನ ಧರ್ಮ. ಕಸ ತುಂಬಿ ಮನೆಯೇ ಕುಸಿಯುವುದು ರೋಗ.

ಇಷ್ಟು ಗೊತ್ತಾದ ಮೇಲೆ ರೋಗಿಯ ಮಿದುಳನ್ನೇ ನೋಡಿ ಉಳಿದುದನ್ನು ತಿಳಿಯಬಾರದೆ ಎಂದರೆ, ಅದೇ ತೊಡಕು. ಬದುಕಿರುವವರ ಮಿದುಳನ್ನು ಬಗೆದು ನೋಡಲಾಗದು. ಸತ್ತವರ ಮಿದುಳು ಕಥೆಯ ಕೊನೆಯ ಪುಟವನ್ನು ಮಾತ್ರ ತೋರಿಸುತ್ತದೆ. ಮೊದಲ ಅಧ್ಯಾಯ ಅದಕ್ಕೂ ಹತ್ತಾರು ವರ್ಷಗಳ ಹಿಂದೆಯೇ ಮುಗಿದಿರುತ್ತದೆ. ಪಾರ್ಕಿನ್ಸನ್ ರೋಗದಲ್ಲಿ ಕೈ ನಡುಗಲು ಮೊದಲಾಗುವ ಹೊತ್ತಿಗೆ, ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಸವನ್ನು ತಯಾರಿಸುವ ನರಕೋಶಗಳಲ್ಲಿ ಬಹುಪಾಲು ಆಗಲೇ ನಷ್ಟವಾಗಿರುತ್ತವೆ. ಆದುದರಿಂದ ರೋಗದ ಆರಂಭವನ್ನು ಕಣ್ಣಾರೆ ನೋಡಬೇಕಾದರೆ, ಮನುಷ್ಯನಿಗೆ ಬದಲಾಗಿ ನಿಲ್ಲಬಲ್ಲ, ಬೇಗ ಬೆಳೆಯುವ, ಸುಲಭವಾಗಿ ಸಿಕ್ಕುವ ಜೀವಿಯೊಂದು ಬೇಕು.

ಯೀಸ್ಟು ನಮ್ಮ ಅಡುಗೆಮನೆಗೆ ಅಪರಿಚಿತವಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗ್ಗೆ ಉಬ್ಬಿ ಬರುವುದು ಹೆಚ್ಚಾಗಿ ಬ್ಯಾಕ್ಟೀರಿಯಗಳ ಕೆಲಸವಾದರೂ ಅವುಗಳ ಜೊತೆಗೆ ಯೀಸ್ಟುಗಳೂ ಇರುತ್ತವೆ. ಬನ್ನು, ಬ್ರೆಡ್ಡುಗಳಂತೂ ಪೂರ್ತಿಯಾಗಿ ಅದರ ಕೃಪೆ. ಈಚಲ ಮರದ ನೀರಾ ಮಧ್ಯಾಹ್ನದ ಹೊತ್ತಿಗೆ ಹೆಂಡವಾಗುವುದರಲ್ಲಿಯೂ ಅದರ ಕೈವಾಡವಿದೆ. ಭಾಷೆಯ ಅಭ್ಯಾಸಿಯಾದವನಿಗೆ ಇಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯವನ್ನು ತಯಾರಿಸಲು ಬೆರೆಸುವ ಹುದುಗಿಗೆ ‘ಕಿಣ್ವ’ ಎಂಬ ಹೆಸರಿದೆ. ಆ ಮಾತನ್ನೇ ನಾವು ಇಂದು ಕನ್ನಡದಲ್ಲಿ ಎನ್‌ಜೈಮ್ ಎಂಬುದಕ್ಕೆ ಪರ್ಯಾಯವಾಗಿ ಬಳಸುತ್ತೇವೆ. ಎನ್‌ಜೈಮ್ ಎಂಬ ಮಾತಿಗಾದರೂ ಗ್ರೀಕ್ ಮೂಲದಲ್ಲಿ ‘ಹುದುಗಿನಲ್ಲಿ ಇರುವುದು’ ಎಂದೇ ಅರ್ಥ. ಎರಡು ಭಾಷೆಗಳು ಬೇರೆಬೇರೆ ದಾರಿಯಿಂದ ಬಂದು ಒಂದೇ ಮಡಕೆಯೊಳಗೆ ಇಣುಕಿವೆ. ೧೮೯೭ರಲ್ಲಿ ಎಡ್ವರ್ಡ್ ಬುಕ್ನರ್ ಎಂಬ ಜರ್ಮನ್ ವಿಜ್ಞಾನಿ ಯೀಸ್ಟನ್ನು ಅರೆದು ಹಿಂಡಿ ತೆಗೆದ ರಸವೇ ಸಕ್ಕರೆಯನ್ನು ಮದ್ಯವಾಗಿಸಬಲ್ಲುದೆಂದು ತೋರಿಸಿದನು. ಜೀವಕೋಶದೊಳಗಿನ ರಸಾಯನವನ್ನು ಕೋಶದ ಹೊರಗೆ ತಂದು ಪರೀಕ್ಷಿಸಬಹುದೆಂಬ ಧೈರ್ಯ ವಿಜ್ಞಾನಕ್ಕೆ ಬಂದುದು ಅಂದಿನಿಂದ.

ಒಂದು ಯೀಸ್ಟಿನ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲಿನಷ್ಟು. ಒಳ್ಳೆಯ ಆಹಾರವಿದ್ದರೆ ಒಂದೂವರೆ ಗಂಟೆಗೊಮ್ಮೆ ಅದು ಮೊಗ್ಗೊಡೆದು ಎರಡಾಗುತ್ತದೆ. ೧೯೯೬ರಲ್ಲಿ ಅದರ ವಂಶಲಿಪಿಯನ್ನು ಪೂರ್ತಿಯಾಗಿ ಓದಿ ಮುಗಿಸಿದರು; ಸುಮಾರು ೬,೦೦೦ ಜೀನುಗಳು. ಬ್ಯಾಕ್ಟೀರಿಯದಂತೆ ಅದು ಒಂದೇ ಕೋಣೆಯ ಗುಡಿಸಲಲ್ಲ. ನಮ್ಮ ಜೀವಕೋಶಗಳಂತೆ ಅದರೊಳಗೂ ಬೇರೆಬೇರೆ ಕೋಣೆಗಳಿವೆ: ವಂಶಲಿಪಿಯನ್ನು ಕಾಪಾಡುವ ಕೇಂದ್ರ, ಶಕ್ತಿಯನ್ನು ಉತ್ಪಾದಿಸುವ ಒಲೆ, ಪ್ರೋಟೀನುಗಳನ್ನು ತಯಾರಿಸುವ ಕಾರ್ಖಾನೆ, ಅವನ್ನು ವಿಂಗಡಿಸಿ ಸಾಗಿಸುವ ಅಂಚೆಮನೆ, ಕಸವನ್ನು ಅರಗಿಸುವ ಕೋಣೆ.

“ಅದೆಲ್ಲ ಸರಿ ಸ್ವಾಮಿ, ಮಿದುಳೇ ಇಲ್ಲದ ಜೀವಿಯಿಂದ ಮಿದುಳಿನ ರೋಗವನ್ನು ತಿಳಿಯುವುದೆಂದರೆ ಹಲ್ಲಿಲ್ಲದವನ ಬಾಯಲ್ಲಿ ಹಲ್ಲುನೋವು ಹುಡುಕಿದಂತಾಯಿತಲ್ಲ?” ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವೇನೆಂದರೆ, ರೋಗ ಕಾಣಿಸಿಕೊಳ್ಳುವುದು ಮಿದುಳಿನಲ್ಲಾದರೂ ಕೆಡುವುದು ಜೀವಕೋಶದ ಮನೆವಾರ್ತೆ. ಮನೆವಾರ್ತೆ ಎಲ್ಲ ಮನೆಗಳಲ್ಲಿಯೂ ಒಂದೇ. ಯೀಸ್ಟಿನ ಪೂರ್ವಿಕರೂ ನಮ್ಮ ಪೂರ್ವಿಕರೂ ಬೇರೆಯಾಗಿ ಸುಮಾರು ನೂರು ಕೋಟಿ ವರ್ಷಗಳಾದುವು. ಆದರೂ ೨೦೧೫ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಯೀಸ್ಟು ಬದುಕಲು ಅತ್ಯಗತ್ಯವಾದ ೪೧೪ ಜೀನುಗಳನ್ನು ಆರಿಸಿ, ಒಂದೊಂದನ್ನೇ ತೆಗೆದು ಆ ಜಾಗದಲ್ಲಿ ಮನುಷ್ಯನ ಜೀನನ್ನು ಇಟ್ಟು ನೋಡಿದಾಗ, ಹತ್ತಿರ ಹತ್ತಿರ ಅರ್ಧದಷ್ಟು ಸಂದರ್ಭಗಳಲ್ಲಿ ಯೀಸ್ಟು ಎಂದಿನಂತೆಯೇ ಬದುಕಿತು. ನೂರು ಕೋಟಿ ವರ್ಷಗಳ ಹಿಂದೆ ಪಾಲಾದ ದಾಯಾದಿಗಳ ಮನೆಯ ಪಾತ್ರೆ ಈ ಮನೆಯ ಒಲೆಗೆ ಸರಿಯಾಗಿ ಕೂತಂತಾಯಿತು.

ಈ ದಾಯಾದಿತನವನ್ನು ಮಿದುಳಿನ ರೋಗಕ್ಕೆ ಅನ್ವಯಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಸೂಸನ್ ಲಿಂಡ್‌ಕ್ವಿಸ್ಟ್. ಪ್ರೋಟೀನುಗಳ ಮಡಿಕೆಯನ್ನೇ ಜೀವಮಾನವೆಲ್ಲ ಅಭ್ಯಾಸ ಮಾಡಿದ ಈ ವಿದುಷಿ ೨೦೧೬ರಲ್ಲಿ ತೀರಿಕೊಂಡರು. ೨೦೦೩ರಲ್ಲಿ ಅವರೂ ಅವರ ಶಿಷ್ಯ ಟಿಯಾಗೊ ಔಟೈರೋ ಅವರೂ ಮನುಷ್ಯನ ಆಲ್ಫಾ-ಸಿನ್ಯೂಕ್ಲೀನ್ ಜೀನನ್ನು ಯೀಸ್ಟಿಗೆ ಕಸಿ ಮಾಡಿದರು. ಯೀಸ್ಟಿಗೆ ತನ್ನದಾದ ಸಿನ್ಯೂಕ್ಲೀನ್ ಇಲ್ಲ. ಆದುದರಿಂದ ಏನು ನಡೆದರೂ ಹೊಸದಾಗಿ ಬಂದ ಅತಿಥಿಯಿಂದಲೇ ನಡೆಯಬೇಕು. ಜೀನಿನ ಒಂದು ಪ್ರತಿಯನ್ನು ಇಟ್ಟಾಗ ಪ್ರೋಟೀನು ಕೋಶದ ಅಂಚಿನಲ್ಲಿ ಸಾಲಾಗಿ ನಿಂತಿತು. ಯೀಸ್ಟು ಬೆಳೆಯುತ್ತಲೇ ಇತ್ತು. ಎರಡು ಪ್ರತಿಗಳನ್ನು ಇಟ್ಟಾಗ ಪ್ರೋಟೀನು ಅಂಚನ್ನು ಬಿಟ್ಟು ಒಳಗೆ ಗರಣೆಗಟ್ಟಿತು; ಬೆಳವಣಿಗೆ ನಿಂತಿತು. ಅತಿಯಾದರೆ ಅಮೃತವೂ ವಿಷ ಎಂದು ನಮ್ಮವರು ಹೇಳುವುದುಂಟಷ್ಟೆ. ಅದೇ ವರ್ಷ ಅಮೆರಿಕದ ಒಂದು ಕುಟುಂಬದಲ್ಲಿ, ಹುಟ್ಟಿನಿಂದಲೇ ಈ ಜೀನಿನ ಪ್ರತಿಗಳು ಹೆಚ್ಚಾಗಿದ್ದವರಿಗೆ ಪಾರ್ಕಿನ್ಸನ್ ರೋಗ ಬರುತ್ತಿದ್ದುದು ಬೆಳಕಿಗೆ ಬಂದಿತು. ಗಾಜಿನ ತಟ್ಟೆಯ ಯೀಸ್ಟೂ ಆ ಮನೆಯ ವಂಶವೃಕ್ಷವೂ ಒಂದೇ ಮಾತನ್ನು ಹೇಳಿದುವು.

ಮುಂದಿನ ಪ್ರಶ್ನೆ: ಹೆಚ್ಚಾದ ಸಿನ್ಯೂಕ್ಲೀನ್ ಕೋಶದಲ್ಲಿ ಮೊದಲು ಕೆಡಿಸುವುದು ಏನನ್ನು? ೨೦೦೬ರಲ್ಲಿ ಉತ್ತರ ಬಂದಿತು. ಪ್ರೋಟೀನಿನ ಕಾರ್ಖಾನೆಗೂ ಅಂಚೆಮನೆಗೂ ನಡುವಿನ ಸಾಗಣೆಯೇ ಮೊದಲು ನಿಲ್ಲುತ್ತದೆ. ದಸರೆಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಗಾಡಿ ಕದಲದೆ ನಿಂತರೆ ಊರಿನ ಉಳಿದ ಬೀದಿಗಳೂ ಕಟ್ಟಿಕೊಳ್ಳುವಂತೆ, ಅಲ್ಲಿಂದ ಕೋಶದ ವ್ಯವಹಾರವೆಲ್ಲ ಕೆಡುತ್ತದೆ. ಸಾಗಣೆಯನ್ನು ನಡೆಸುವ ಒಂದು ಸಹಾಯಕ ಪ್ರೋಟೀನನ್ನು ಹೆಚ್ಚಿಸಿದಾಗ ಯೀಸ್ಟು ಚೇತರಿಸಿಕೊಂಡಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಬಗೆಯ ಪ್ರೋಟೀನು ಹಣ್ಣಿನ ನೊಣದಲ್ಲಿ, ಸಣ್ಣ ಹುಳುವಿನಲ್ಲಿ, ಇಲಿಯ ನರಕೋಶಗಳಲ್ಲಿ ಸಹ ಡೋಪಮಿನ್ ಕೋಶಗಳನ್ನು ಕಾಪಾಡಿತು. ಯೀಸ್ಟು ಕೊಟ್ಟ ಸುಳಿವನ್ನು ನರವುಳ್ಳ ಜೀವಿಗಳು ಅನುಮೋದಿಸಿದುವು.

ಇನ್ನು ಕಸಗುಡಿಸುವ ವ್ಯವಸ್ಥೆಯ ಕಥೆ. ಜಪಾನಿನ ಯೋಶಿನೋರಿ ಓಸುಮಿ ೧೯೮೮ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಸ್ವಂತದ ಸಣ್ಣ ಪ್ರಯೋಗಶಾಲೆಯನ್ನು ಆರಂಭಿಸಿದರು. ಯೀಸ್ಟಿನ ಕಸದ ಕೋಣೆಯನ್ನು ಅಭ್ಯಾಸ ಮಾಡುವವರು ಆಗ ವಿರಳ. ಓಸುಮಿಯವರು ಆ ಕೋಣೆಯ ಅರಗಿಸುವ ರಸಗಳಿಲ್ಲದ ಯೀಸ್ಟನ್ನು ಆರಿಸಿ ಅದನ್ನು ಉಪವಾಸ ಕೆಡವಿದರು. ಕೆಲವೇ ಗಂಟೆಗಳಲ್ಲಿ ಕೋಣೆಯ ತುಂಬ ಸಣ್ಣಸಣ್ಣ ಗಂಟುಮೂಟೆಗಳು ತುಂಬಿಕೊಂಡುದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ಕಂಡಿತು. ಜೀವಕೋಶವು ತನ್ನ ಹಳೆಯ ಸಾಮಾನುಗಳನ್ನು ಮೂಟೆಕಟ್ಟಿ ಒಯ್ದು, ಅರಗಿಸಿ, ಮತ್ತೆ ಉಪಯೋಗಿಸಿಕೊಳ್ಳುವ ಪರಿ ಹೀಗೆ ಕಣ್ಣಿಗೆ ಬಿದ್ದಿತು. ಇದಕ್ಕೆ ಆಟೋಫೇಜಿ, ಎಂದರೆ ಸ್ವಭಕ್ಷಣೆ ಎಂದು ಹೆಸರು. ೧೯೯೩ರ ಹೊತ್ತಿಗೆ ಇದಕ್ಕೆ ಬೇಕಾದ ಹದಿನೈದು ಜೀನುಗಳನ್ನು ಅವರು ಗುರುತಿಸಿದ್ದರು. ೨೦೧೬ರಲ್ಲಿ ನೊಬೆಲ್ ಬಹುಮಾನ ಅವರನ್ನು ಅರಸಿಕೊಂಡು ಬಂದಿತು. ಅದೇ ಜೀನುಗಳ ಬಂಧುಗಳು ನಮ್ಮ ನರಕೋಶಗಳಲ್ಲಿಯೂ ಹಗಲಿರುಳು ಕಸ ಗುಡಿಸುತ್ತಿವೆ.

ಗರಣೆಗಟ್ಟುವ ಪ್ರೋಟೀನು ಒಂದು ಕಡೆ, ಕಸ ಗುಡಿಸುವ ವ್ಯವಸ್ಥೆ ಇನ್ನೊಂದು ಕಡೆ. ಎರಡನೆಯದನ್ನು ಹುರಿದುಂಬಿಸಿ ಮೊದಲನೆಯದನ್ನು ತೊಲಗಿಸಬಹುದೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಡಾ. ರವಿ ಮಂಜಿತ್ತಾಯ ಅವರ ಪ್ರಯೋಗಶಾಲೆ ಯೀಸ್ಟಿನ ಸ್ವಭಕ್ಷಣೆಯನ್ನು ಅಭ್ಯಾಸ ಮಾಡುತ್ತ ಬಂದಿದೆ. ಆಲ್ಫಾ-ಸಿನ್ಯೂಕ್ಲೀನಿನ ಭಾರದಿಂದ ಬೆಳವಣಿಗೆ ಕುಂದಿದ ಯೀಸ್ಟಿಗೆ ಬಗೆಬಗೆಯ ಸಣ್ಣ ರಾಸಾಯನಿಕಗಳನ್ನು ಉಣಿಸಿ, ಯಾವುದು ಅದನ್ನು ಮೇಲೆತ್ತುತ್ತದೆ ಎಂದು ಅಲ್ಲಿ ಹುಡುಕಿದರು. ಹಾಗೆ ಸಿಕ್ಕಿದವುಗಳಲ್ಲಿ ಒಂದರ ಹೆಸರು ೬-ಬಯೋ. ಒಂದು ಜಾತಿಯ ಕಡಲ ಬಸವನಹುಳುವಿನಿಂದ ಪ್ರಾಚೀನರು ತೆಗೆಯುತ್ತಿದ್ದ, ರೋಮ್ ಚಕ್ರವರ್ತಿಗಳ ಉಡುಪಿಗೆ ಹಾಕುತ್ತಿದ್ದ ಕೆನ್ನೀಲಿ ಬಣ್ಣದ ವಂಶಕ್ಕೆ ಸೇರಿದ ವಸ್ತು ಇದು. ಈ ವಸ್ತು ಯೀಸ್ಟಿನಲ್ಲಿ ಗರಣೆಗಳನ್ನು ತೊಲಗಿಸಿತು. ಪ್ರಾಣಿಗಳ ಜೀವಕೋಶಗಳಲ್ಲಿಯೂ ತೊಲಗಿಸಿತು.

ಇಷ್ಟಕ್ಕೆ ಡಂಗುರ ಸಾರದೆ ಅವರು ಮುಂದಿನ ಮೆಟ್ಟಿಲನ್ನು ಹತ್ತಿದರು. ನಿಮ್ಹಾನ್ಸ್ ಸಂಸ್ಥೆಯ ಡಾ. ಫಾಲ್ಗುಣಿ ಆನಂದ್ ಅಲ್ಲಾಡಿ ಮೊದಲಾದವರ ಸಹಯೋಗದಿಂದ, ಪಾರ್ಕಿನ್ಸನ್ ರೋಗದಂತಹ ಸ್ಥಿತಿಗೆ ಗುರಿಮಾಡಿದ ಇಲಿಗಳಿಗೆ ಅದನ್ನು ಕೊಟ್ಟು ನೋಡಿದರು. ಇಲಿಗಳ ನಡುಮಿದುಳಿನ ಡೋಪಮಿನ್ ಕೋಶಗಳಿಗೆ ರಕ್ಷಣೆ ದೊರೆಯಿತು, ನಡವಳಿಕೆಯೂ ಸುಧಾರಿಸಿತು. ಎಸ್. ಎನ್. ಸುರೇಶ್ ಅವರನ್ನು ಮೊದಲ ಲೇಖಕರನ್ನಾಗಿ ಉಳ್ಳ ಈ ವರದಿ ೨೦೧೭ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಮಿದುಳಿನ ಆಸ್ಪತ್ರೆಗೆ ಹೆಸರಾದ ಸಂಸ್ಥೆಯೂ ಯೀಸ್ಟ್ ಸಾಕುವ ಪ್ರಯೋಗಶಾಲೆಯೂ ಒಂದೇ ಊರಿನಲ್ಲಿ ಕೈ ಸೇರಿಸಿದುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಯೀಸ್ಟಿನ ಮಾತು ಇಲಿಯಲ್ಲಿ ನಿಜವಾದರೆ ಮನುಷ್ಯನಲ್ಲಿಯೂ ನಿಜವೆ? ಒಂದು ಸಂದರ್ಭದಲ್ಲಿಯಾದರೂ ಹೌದು. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕಟ್ಟಿಹಾಕಿದ ರೋಗವನ್ನು ವಾಚಕರು ಬಲ್ಲರು. ಸ್ನಾಯುಗಳನ್ನು ಆಳುವ ನರಗಳು ಒಂದೊಂದಾಗಿ ಸಾಯುವ ಆ ರೋಗದಲ್ಲಿ ಗರಣೆಗಟ್ಟುವ ಪ್ರೋಟೀನು ಸಾಮಾನ್ಯವಾಗಿ ಟಿಡಿಪಿ-೪೩ ಎಂಬುದು. ಅಮೆರಿಕದ ಏರನ್ ಗಿಟ್ಲರ್ ಮತ್ತು ಸಂಗಡಿಗರು ಇದನ್ನು ಯೀಸ್ಟಿನಲ್ಲಿಟ್ಟು, ಯೀಸ್ಟಿನ ಯಾವ ಜೀನು ಅದರ ವಿಷವನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ ಎಂದು ಹುಡುಕಿದರು. ಸಿಕ್ಕಿದ ಜೀನಿಗೆ ಮನುಷ್ಯನಲ್ಲಿರುವ ಬಂಧುವಿನ ಹೆಸರು ಅಟ್ಯಾಕ್ಸಿನ್-೨. ಆಮೇಲೆ ೯೧೫ ರೋಗಿಗಳನ್ನು ಪರೀಕ್ಷಿಸಿದಾಗ, ಈ ಜೀನಿನ ಒಂದು ಭಾಗ ಸ್ವಲ್ಪ ಉದ್ದವಾಗಿದ್ದವರು ಅವರಲ್ಲಿ ನೂರಕ್ಕೆ ೪.೭, ಆರೋಗ್ಯವಂತರಲ್ಲಿ ನೂರಕ್ಕೆ ೧.೪ ಮಾತ್ರ. ೨೦೧೦ರಲ್ಲಿ ಪ್ರಕಟವಾದ ಈ ಶೋಧನೆಗೆ ದಾರಿ ತೋರಿದುದು ಯೀಸ್ಟೇ.

ಹೀಗೆ ಯೀಸ್ಟಿನಿಂದ ನೊಣಕ್ಕೆ, ನೊಣದಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಏರಬೇಕಾದ ದಾರಿ ಇದು. ಮೈಸೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿದವರೆಲ್ಲರೂ ಬಲ್ಲರು: ಮೊದಲ ಮೆಟ್ಟಿಲಿನಲ್ಲಿ ದೇವಿಯ ದರ್ಶನವಾಗದು, ಮೊದಲ ಮೆಟ್ಟಿಲನ್ನು ಹತ್ತದೆಯೂ ದರ್ಶನವಾಗದು. ಈ ದಾರಿಯ ನಡುವಿನ ಕೆಲವು ಮೆಟ್ಟಿಲುಗಳು ನಮ್ಮ ಊರಿನಲ್ಲಿಯೇ ಇವೆ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ಡ್ರೊಸೊಫಿಲ ಎಂಬ ಹಣ್ಣಿನ ನೊಣದ ಅಧ್ಯಯನಕ್ಕೆ ಬಹುಕಾಲದಿಂದ ಹೆಸರಾದುದು. ಆ ನೊಣಗಳ ನಾನಾ ತಳಿಗಳನ್ನು ಸಾಕಿ ಕಾಪಾಡುವ ಸಂಗ್ರಹ ಕೇಂದ್ರವೇ ಅಲ್ಲಿದೆ. ೧೯೫೦ರಲ್ಲಿ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದ ಹೆಸರು ಕೇಳಿದರೆ ನಮಗೆ ಹಪ್ಪಳ, ಉಪ್ಪಿನಕಾಯಿ, ಮಕ್ಕಳ ಆಹಾರ ನೆನಪಾಗುವುದು ಸಹಜ. ಆದರೆ ಅಲ್ಲಿಯೇ ಡಾ. ಕೆ. ಎಸ್. ಜಗನ್ನಾಥರಾವ್ ಅವರೂ ಸಂಗಡಿಗರೂ ಇದೇ ಆಲ್ಫಾ-ಸಿನ್ಯೂಕ್ಲೀನ್ ಹೇಗೆ ಮಡಿಚಿಕೊಳ್ಳುತ್ತದೆ, ವಂಶದ್ರವ್ಯವಾದ ಡಿಎನ್‌ಎಗೆ ಹೇಗೆ ಅಂಟಿಕೊಳ್ಳುತ್ತದೆ ಎಂದು ಅಭ್ಯಾಸ ಮಾಡಿದರು. ೨೦೦೯ರಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳು ನೊಣಗಳಿಗೆ ನರಗಳನ್ನು ಕೆಡಿಸುವ ಒಂದು ಕೀಟನಾಶಕವನ್ನೂ ಬ್ರಾಹ್ಮಿಯ ಪುಡಿಯನ್ನೂ ಒಟ್ಟಿಗೆ ಉಣಿಸಿ, ಬ್ರಾಹ್ಮಿ ತಿಂದ ನೊಣಗಳಲ್ಲಿ ಸಾವು ಕಡಿಮೆಯೆಂದೂ ಗಾಜಿನ ಕೊಳವೆಯನ್ನು ಏರುವ ಶಕ್ತಿ ಹೆಚ್ಚೆಂದೂ ವರದಿ ಮಾಡಿದರು.

ಮೇಲಿನ ಮೆಟ್ಟಿಲೂ ಇಲ್ಲಿಯೇ ಇದೆ. ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಶ್ರದ್ಧೆಯಿಂದ ಬರೆದಿಟ್ಟರು. ದಶಕಗಳು ಕಳೆದ ಮೇಲೆ ಸಂಶೋಧಕರು ಆ ಹಳೆಯ ಪುಸ್ತಕಗಳನ್ನು ತೆರೆದು, ಆ ಶಿಶುಗಳನ್ನು ಈಗ ಅಜ್ಜ ಅಜ್ಜಿಯರಾಗಿ ಹುಡುಕಿ ತೆಗೆದು, ಅವರ ಹೃದಯವನ್ನೂ ಆಮೇಲೆ ನೆನಪಿನ ಶಕ್ತಿಯನ್ನೂ ಪರೀಕ್ಷಿಸಿದರು. ಮುಪ್ಪಿನ ಮರೆವಿನ ಬೀಜ ತೊಟ್ಟಿಲಲ್ಲಿಯೇ ಬಿದ್ದಿರಬಹುದೆ ಎಂಬ ಪ್ರಶ್ನೆಯನ್ನು ಕೇಳಲು ಇಂತಹ ದಾಖಲೆಗಳಿರುವ ಊರು ಲೋಕದಲ್ಲಿ ಬಹಳವಿಲ್ಲ.

ಇಷ್ಟು ಹೇಳಿದ ಮೇಲೆ ಯೀಸ್ಟಿನ ಮಿತಿಯನ್ನೂ ಹೇಳದಿದ್ದರೆ ವಾಚಕರಿಗೆ ದ್ರೋಹವಾದೀತು. ಯೀಸ್ಟಿಗೆ ಮುಪ್ಪು ಬರಲು ಎಪ್ಪತ್ತು ವರ್ಷ ಬೇಡ. ಕೆಲವು ದಿನಗಳು ಸಾಕು. ನರಕೋಶಗಳು ಒಂದರೊಡನೊಂದು ಆಡುವ ಮಾತು ಅದಕ್ಕೆ ಗೊತ್ತಿಲ್ಲ. ಸುತ್ತಮುತ್ತ ಉರಿಯೂತವೆಬ್ಬಿಸುವ ನೆರೆಕೋಶಗಳು ಅದಕ್ಕಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಯೀಸ್ಟಿಗೆ ಇರುವ ಒಂದು ಉಪಾಯ ನರಕೋಶಕ್ಕೆ ಇಲ್ಲ. ತಾಯಿ ಯೀಸ್ಟು ಮೊಗ್ಗೊಡೆದು ಮಗಳನ್ನು ಹಡೆಯುವಾಗ, ಕೆಟ್ಟ ಪ್ರೋಟೀನುಗಳನ್ನು ಆದಷ್ಟು ತನ್ನಲ್ಲಿಯೇ ಉಳಿಸಿಕೊಳ್ಳುತ್ತದೆ. ಮಗಳು ಶುಭ್ರವಾಗಿ ಹೊಸ ಬಾಳನ್ನು ತೊಡಗುತ್ತದೆ. ಸುಮಾರು ಇಪ್ಪತ್ತೈದು ಸಲ ಹೀಗೆ ಹೆತ್ತು, ಭಾರವನ್ನೆಲ್ಲ ತಾನು ಹೊತ್ತು, ತಾಯಿ ಸಾಯುತ್ತದೆ. ನಮ್ಮ ನರಕೋಶಗಳಲ್ಲಿ ಬಹುತೇಕ ಎಲ್ಲವೂ ಹುಟ್ಟಿದ ಮೇಲೆ ಮತ್ತೆ ವಿಭಾಗವಾಗುವುದಿಲ್ಲ. ಕಸವನ್ನು ಹೊರಿಸಲು ಅವಕ್ಕೆ ಮಗಳೂ ಇಲ್ಲ, ತಾಯಿಯೂ ಇಲ್ಲ. ಎಂಬತ್ತು ವರ್ಷದ ಕಸವನ್ನು ತಾವೇ ಗುಡಿಸಿಕೊಳ್ಳಬೇಕು. ಕಸಗುಡಿಸುವ ವ್ಯವಸ್ಥೆ ಮಿದುಳಿಗೆ ಇಷ್ಟು ಮುಖ್ಯವಾದುದೇಕೆ ಎಂಬುದು ಯೀಸ್ಟಿಗೂ ನಮಗೂ ಇರುವ ಈ ಭೇದದಿಂದಲೇ ಸ್ಪಷ್ಟವಾಗುತ್ತದೆ.

ಆದುದರಿಂದ ಯೀಸ್ಟಿನಲ್ಲಿ ಗುಣವಾದುದೆಲ್ಲ ಮನುಷ್ಯನಲ್ಲಿ ಗುಣವಾಗುವುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ೬-ಬಯೋ ಅಂಗಡಿಯಲ್ಲಿ ಸಿಕ್ಕುವ ಮದ್ದಲ್ಲ. ನೊಣಕ್ಕೆ ಒಗ್ಗಿದ ಬ್ರಾಹ್ಮಿಯೂ ಮನುಷ್ಯನ ಪಾರ್ಕಿನ್ಸನ್ ರೋಗಕ್ಕೆ ಚಿಕಿತ್ಸೆಯೆಂದು ಸಿದ್ಧವಾಗಿಲ್ಲ. ಯೀಸ್ಟಿನ ಮಾತ್ರೆ ನುಂಗಿದರಾಗಲಿ ಬನ್ನು ತಿಂದರಾಗಲಿ ಮಿದುಳು ಚುರುಕಾಗುವುದಿಲ್ಲ. ಪಾರ್ಕಿನ್ಸನ್ ರೋಗಿಗಳಿಗೆ ಇಂದು ಮುಖ್ಯವಾಗಿ ಕೊಡುವ ಲಿವೊಡೋಪ ಎಂಬ ಔಷಧವು ಕುಂದಿದ ಡೋಪಮಿನ್ನನ್ನು ತುಂಬಿ ನಡುಕವನ್ನೂ ಬಿಗಿತವನ್ನೂ ತಗ್ಗಿಸುತ್ತದೆ. ಕೋಶಗಳು ಸಾಯುವುದನ್ನು ತಡೆಯುತ್ತದೆಯೆಂದು ಸಿದ್ಧವಾಗಿಲ್ಲ. ತಡೆಯುವ ಮದ್ದಿಗಾಗಿ ನಡೆದಿರುವ ಹುಡುಕಾಟದಲ್ಲಿ ಯೀಸ್ಟು ಸಾವಿರಾರು ವಸ್ತುಗಳನ್ನು ಬೇಗ ಜರಡಿ ಹಿಡಿದು ಕೊಡುವ ಆಳು. ತೀರ್ಪು ಕೊಡುವ ನ್ಯಾಯಾಧೀಶನಲ್ಲ.

ಆ ಮದ್ದು ಬರುವವರೆಗೆ ಮನೆಯವರಾದ ನಾವು ಮಾಡಬಹುದಾದುದು ಏನು? ಬಹಳವಿದೆ. ಮೊದಲನೆಯದಾಗಿ, ಹಿರಿಯರ ಬದಲಾವಣೆಯನ್ನು ಗಮನಿಸಬೇಕು. ಅಕ್ಷರ ದಿನೇದಿನೇ ಚಿಕ್ಕದಾಗುವುದು, ಹುರಿದ ಕಾಫಿಬೀಜದ ವಾಸನೆ ತಿಳಿಯದೆ ಹೋಗುವುದು, ನಡೆಯುವಾಗ ಒಂದು ಕೈ ಬೀಸದೆ ಇರುವುದು, ಇವು ನಡುಕಕ್ಕಿಂತ ಮೊದಲೇ ಕಾಣಬಹುದಾದ ಲಕ್ಷಣಗಳು. ಕೇಳಿದುದನ್ನೇ ಐದು ನಿಮಿಷಕ್ಕೊಮ್ಮೆ ಕೇಳುವುದು, ಚಿರಪರಿಚಿತವಾದ ಅಡುಗೆಯ ಕ್ರಮ ತಪ್ಪುವುದು, ಲೆಕ್ಕ ಬರೆಯಲಾಗದಿರುವುದು, ಇವು ಮರೆವಿನ ರೋಗದ ಸೂಚನೆಗಳಿರಬಹುದು. ಎರಡನೆಯದಾಗಿ, ಇಂತಹುದು ಕಂಡಾಗ ವೈದ್ಯರ ಬಳಿಗೆ ಕರೆದೊಯ್ಯಬೇಕು. ಏಕೆಂದರೆ ಮರೆವೆಲ್ಲವೂ ವಾಸಿಯಾಗದ ಮರೆವಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ಸಸ್ಯಾಹಾರಿಗಳಲ್ಲಿ ಅಪರೂಪವಲ್ಲದ ಬಿ-೧೨ ಜೀವಸತ್ವದ ಕೊರತೆ, ಇವುಗಳಿಂದ ಉಂಟಾದ ಮರೆವು ಚಿಕಿತ್ಸೆಯಿಂದ ಸುಧಾರಿಸಬಲ್ಲುದು. ‘ವಯಸ್ಸಾಯಿತು, ಬಿಡು’ ಎಂದು ಕೈಬಿಟ್ಟ ಮನೆಗಳಲ್ಲಿ ಎಷ್ಟು ಮಂದಿ ಹಿರಿಯರು ಗುಣವಾಗಬಹುದಾಗಿದ್ದ ಕತ್ತಲೆಯಲ್ಲಿ ಉಳಿದುಬಿಟ್ಟರೋ ಲೆಕ್ಕವಿಟ್ಟವರಿಲ್ಲ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಆದರೆ ಅದಕ್ಕೆ ಹಣ ಬೇಡ. ರೋಗವನ್ನು ರೋಗವೆಂದು ತಿಳಿಯುವುದೇ ಅದು. ಅತ್ತೆಯವರು ಉಂಡ ಊಟವನ್ನು ಮರೆತು “ನನಗೆ ಯಾರೂ ಬಡಿಸಲಿಲ್ಲ” ಎಂದು ನೆರೆಯವರ ಮುಂದೆ ದೂರಿದರೆ ಸೊಸೆಗೆ ನೋವಾಗದಿರುವುದಿಲ್ಲ. ತಂದೆಯವರು ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ತೆಗೆದುಕೊಂಡರೆ ಕೆಲಸಕ್ಕೆ ಹೊತ್ತಾದ ಮಗನಿಗೆ ಸಿಡುಕು ಬಾರದಿರುವುದಿಲ್ಲ. ಆದರೆ ಅದು ಹಟವಲ್ಲ, ಸಣ್ಣತನವಲ್ಲ, ಪೂರ್ವಜನ್ಮದ ಕರ್ಮವೂ ಅಲ್ಲ. ಮಡಿಕೆ ತಪ್ಪಿದ ಒಂದು ಪ್ರೋಟೀನಿನ ಕೆಲಸ ಎಂದು ತಿಳಿದಾಗ ಸಿಡುಕು ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಗಾಜಿನ ತಟ್ಟೆಯಲ್ಲಿ ಅದೇ ಪ್ರೋಟೀನು ಬೆಳವಣಿಗೆ ನಿಲ್ಲಿಸಿದಾಗ ಆ ಯೀಸ್ಟಿನ ಮೇಲೆ ಯಾರೂ ಕೋಪಗೊಳ್ಳಲಿಲ್ಲ. ಎಲ್ಲಿ ಕೆಟ್ಟಿತು, ಹೇಗೆ ಸರಿಪಡಿಸೋಣ ಎಂದೇ ಕೇಳಿದರು. ನಮ್ಮನ್ನು ಎತ್ತಿ ಆಡಿಸಿದವರ ವಿಷಯದಲ್ಲಿ ಅಷ್ಟು ತಾಳ್ಮೆಯನ್ನಾದರೂ ನಾವು ತೋರಿಸಬೇಡವೆ?